ಉಸಿರಿದ್ದವನ ಶೋಕಗೀತೆ

ಮೂರು ಹಗಲು ಮೂರು ಇರುಳು ಎಡೆಬಿಡದೆ ಸುರಿದ ಹಿಮವು ನಾಲ್ಕನೆಯ ಮುಂಜಾವಿಗೆ ನಿಂತಾಗ, ತ್ಯಾನ್‌ಶಾನ್ ಪರ್ವತದ ಆ ಕೊಕ್‌ಬೆಲ್ ಕಣಿವೆಯ ಮೇಲೆ ಎಂಥ ಬೆಳಕು ಇಳಿದಿತ್ತೆಂದರೆ, ಸಹೃದಯನೇ, ಕಂಡವರು ಬೆಟ್ಟವನ್ನು ನಂಬಿಯೇಬಿಡಬೇಕು! ನಿರ್ಮಲ ನೀಲಾಕಾಶ, ನಿಷ್ಕಳಂಕ ಧವಳಶಿಖರಗಳು, ಹಿಮಭಾರದಿಂದ ಬಾಗಿದ ವೃಕ್ಷಗಳು... ಆದರೆ ಒಂದು ಹಕ್ಕಿಯೂ ಕೂಗಲಿಲ್ಲ. ಗಾಳಿಯೂ ಉಸಿರು ಬಿಗಿಹಿಡಿದು ಯಾರನ್ನೋ ಕಾಯುತ್ತಿತ್ತು.

ಮೇಲಿನ ಗುಡಿಸಲಿನಲ್ಲಿ ಹಿಮಕುಸಿತದ ಮುನ್ಸೂಚನೆಗಾಗಿ ಹಿಮ ಅಳೆಯುವ ಬುರುಲ್ ಅಂದೂ ಎದೆಮಟ್ಟದ ಗುಂಡಿ ತೋಡಿ ಪದರಗಳನ್ನು ನೋಡಿದಳು. ಮೇಲೆ ಗಾಳಿ ಒಟ್ಟಿದ ಬಿಗಿಯಾದ ಹಾಸು. ಅಡಿಯಲ್ಲಿ ಸಕ್ಕರೆಯಂತೆ ಸಡಿಲವಾದ ಹರಳುಗಳು. ಮೇಲಿಟ್ಟ ಸಲಿಕೆಯನ್ನು ಮೂರು ಸಲ ಮೆಲ್ಲಗೆ ತಟ್ಟಿದ್ದಷ್ಟೇ, ಹಾಸು ಸರಕ್ಕನೆ ಜಾರಿ ಅವಳ ಮಡಿಲಿಗೆ ಬಿತ್ತು.

"ಇವತ್ತು ನೆರಳು ಬದಿಯ ಇಳಿಜಾರಿಗೆ ಕಾಲಿಡಬೇಡ, ಎಸೆನ್," ಎಂದಳು. ನಾಳೆ ಬರುವ ಅತಿಥಿಗಳಿಗಾಗಿ ದಾರಿ ನೋಡಿ ಬರಲು ಆ ಮಾರ್ಗದರ್ಶಿ ಯುವಕ ಕಾಲಿಗೆ ಜಾರುಹಲಗೆ ಕಟ್ಟಿಕೊಳ್ಳುತ್ತಿದ್ದ.

"ಹಿಮದ ಮನಸ್ಸೆಲ್ಲ ಹೇಳ್ತೀಯ. ನಿನ್ನ ಮನಸ್ಸು ಯಾವಾಗ ಹೇಳ್ತೀಯ? ಎರಡು ಚಳಿಗಾಲ ಆಯ್ತು ನಾನು ಕೇಳಿ."

"ಸುತ್ತುದಾರೀಲಿ ಹೋಗಿ ಬಾ ಮೊದಲು."

"ಮಧ್ಯಾಹ್ನಕ್ಕೆ ಬರ್ತೀನಿ. ಅಷ್ಟರಲ್ಲಿ ಹೇಳೋಕೆ ಧೈರ್ಯ ಮಾಡ್ಕೋ!"

ಧೈರ್ಯ! ಬುರುಲ್‌ಳ ತಂದೆಯನ್ನು ಹಿಮ ನುಂಗಿತ್ತು. ಬೆಟ್ಟ ಹತ್ತುವವನ ಹೆಂಡತಿ ಮದುವೆಯ ದಿನವೇ ಅರ್ಧ ವಿಧವೆ ಎಂದು ಅವಳ ತಾಯಿ ಸಾಯುವವರೆಗೂ ಹೇಳುತ್ತಿದ್ದಳು. ಎಸೆನ್‌ನನ್ನು ಪ್ರಾಣದಂತೆ ಪ್ರೀತಿಸುತ್ತಿದ್ದ ಬುರುಲ್, ಆ ಒಂದು ಮಾತಿಗೆ ಹೆದರಿ ತುಟಿ ಹೊಲಿದುಕೊಂಡಿದ್ದಳು.

ಪ್ರೇಮಿಗೆ ಸುತ್ತುದಾರಿ ಹಿಡಿಸೀತೇ? ಮಧ್ಯಾಹ್ನದ ಬಿಸಿಲೇರುವಾಗ ಎಸೆನ್ ನೆರಳು ಬದಿಯಿಂದಲೇ ಅಡ್ಡಹಾಯ್ದು ಬರುವುದನ್ನು ಅವಳು ಕಂಡಳು. ಹಿಂದಿರುಗೆಂದು ಕೈಬೀಸಿದಳು... ಅವನೂ ನಗುತ್ತ ಕೈಬೀಸಿದ! ಆಗ ಬೆಟ್ಟದೊಳಗಿಂದ ಯಾರೋ ನಿಟ್ಟುಸಿರಿಟ್ಟಂತೆ 'ಧುಸ್' ಎಂದಿತು. ಅವನ ನೆತ್ತಿಗಿಂತ ಮೇಲೆ, ಹಿಮದಲ್ಲಿ ಸಣ್ಣ ಬಿರುಕಿನ ಗೆರೆಯೊಂದು ಓಡಿತು. ಇಡೀ ಇಳಿಜಾರು ಎದ್ದು ನಡೆಯಿತು. ಮರುಗಳಿಗೆ ಅಲ್ಲಿ ಬೆಳಕಿತ್ತು, ಎಸೆನ್ ಇರಲಿಲ್ಲ.

ಗುಡಿಸಲಿನ ಅಡುಗೆಯ ಮುದುಕ ತೆಮಿರಾಲಿಯೊಡನೆ ಅವಳು ಉದ್ದನೆಯ ಸರಳು ಹಿಡಿದು ಓಡಿದಳು. ಮುರಿದ ಜಾರುಹಲಗೆಯೊಂದು ಸಿಕ್ಕ ಕಡೆಯಿಂದ ಹೆಜ್ಜೆಹೆಜ್ಜೆಗೆ ಚುಚ್ಚುತ್ತ ನಡೆದರು. ಚುಚ್ಚಿದಲ್ಲೆಲ್ಲ ಬರಿಯ ಹಿಮ! ಆಗ ಬುರುಲ್‌ಳ ಕಂಠದಿಂದ, ಅವಳಿಗೇ ತಿಳಿಯದಂತೆ, ಹಾಡೊಂದು ಹೊರಟಿತು... ಆ ಸೀಮೆಯಲ್ಲಿ ಹೆಂಡತಿಯಾದವಳು ಮಾತ್ರ ಸತ್ತ ಗಂಡನಿಗೆ ಹಾಡುವ ಶೋಕಗೀತೆ.

"ಬಿಳಿಯ ಕುದುರೆಯೊಡೆಯನೇ, ಬೆಟ್ಟದಂಥ ಗಂಡನೇ... ಬಳಸಿ ಬಾರೋ ಎಂದರೆ ಕೇಳದಂಥ ಮೊಂಡನೇ..."

"ಬಾಯಿ ಮುಚ್ಚೇ!" ಮುದುಕ ನಡುಗಿಹೋದ. "ಹೆಣ ಕಾಣೋಕೆ ಮುಂಚೆ ಹಾಡಿದ್ರೆ ಸಾವನ್ನ ಕರೆದ ಹಾಗೆ ಕಣೇ!"

"ನಿಲ್ತಿಲ್ಲ ತಾತಾ! ನಾನು ನಿಲ್ಲಿಸಿದ್ರೂ ಅದು ನಿಲ್ತಿಲ್ಲ!"

ಅವಳು ಹಾಡಿದಳು, ಬೈದಳು, ಅತ್ತಳು, ಚುಚ್ಚಿದಳು. ಸರಳು ಏನೋ ಮೆತ್ತಗಿನದನ್ನು ಮುಟ್ಟಿತು. ಇಬ್ಬರೂ ಹುಚ್ಚು ಹಿಡಿದವರಂತೆ ತೋಡಿದರು. ನೀಲಿಗಟ್ಟಿದ ಮುಖ, ಹೆಪ್ಪುಗಟ್ಟಿದ ರೆಪ್ಪೆ... ಮೂಗಿನ ಬಳಿ ತೆಳುವಾದ ಹಬೆ!

ಎಸೆನ್ ಕಣ್ಣು ತೆರೆದ. "ನನ್ನ ಹತ್ರ... ಬಿಳಿ ಕುದುರೆ ಎಲ್ಲಿದೆ?" ಎಂದ.

ತೆಮಿರಾಲಿ ಅಳುತ್ತಲೇ ನಕ್ಕ. "ನಿನಗೆಲ್ಲಾ ಕೇಳಿಸ್ತೇನೋ! ಊರಲ್ಲಿ ಹೆಣ್ಮಕ್ಕಳು ಮದುವೆ ಆಗಿ ವಿಧವೆ ಆಗ್ತಾರೆ. ಇವಳು ನೋಡು, ವಿಧವೆ ಆಗಿ ಆಮೇಲೆ ಮದುವೆ ಆದ್ಲು! ಹಾಡಿದ್ದನ್ನ ಹಿಂದಕ್ಕೆ ತಗೊಳ್ಳೋಕಾಗಲ್ಲ ಮಗಳೇ."

"ತಗೊಳ್ಳಲ್ಲ," ಎಂದಳು ಬುರುಲ್.

ಗುಡಿಸಲಿನ ಒಲೆಯ ಪಕ್ಕದಲ್ಲಿ, ಉಪ್ಪು ಹಾಕಿದ ಹಾಲಿನ ಚಹಾ ಎರಡು ಗುಟುಕು ಒಳಗಿಳಿದ ಮೇಲೆ, ಎಸೆನ್ ಅವಳ ಕೈ ಹಿಡಿದು ಕೇಳಿದ: "ಇನ್ನೊಬ್ಬಳು ಯಾರು?"

"ಯಾವ ಇನ್ನೊಬ್ಬಳು?"

"ನಿನಗಿಂತ ಮೊದಲಿಂದ್ಲೂ ಹಾಡ್ತಿದ್ಲಲ್ಲ... ನನ್ನ ಕಿವಿ ಹತ್ರಾನೇ. ಎಷ್ಟು ಇಂಪಾಗಿ! ಇಲ್ಲಿ ಬೆಚ್ಚಗಿದೆ, ಮಲ್ಕೋ ಅಂತಿದ್ಲು. ನಾನು ಅವಳ ಹಿಂದೆ ಹೊರಟೇಬಿಟ್ಟಿದ್ದೆ. ಅಷ್ಟರಲ್ಲಿ ನೀನು ಬೈಯೋಕೆ ಶುರು ಮಾಡಿದೆ."

ಮುದುಕ ಬಟ್ಟಲು ಕೆಳಗಿಟ್ಟ. ಬುರುಲ್ ಎದ್ದು, ಹೊಳೆಯುವ ಬಿಸಿಲಿದ್ದರೂ ಕಿಟಕಿಯ ಕದ ಮುಚ್ಚಿ, ಮರಳಿ ಬಂದು ಅವನ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದಳು.

ಮೃತ್ಯುವಿನ ಕಂಠ ಇಂಪಾಗಿಯೇ ಇರುತ್ತದೆ, ಸಹೃದಯನೇ; ಕಳೆದುಕೊಳ್ಳುವ ಭಯ ಅದಕ್ಕಿಲ್ಲವಲ್ಲ! ಒಲುಮೆಯ ಕಂಠವೋ... ಒಡಕು, ಅಪಸ್ವರ, ಅರ್ಧ ಅಳು, ಅರ್ಧ ಬೈಗುಳ. ಆದರೂ ಎಷ್ಟೇ ಆಳದಲ್ಲಿ ಹೂತುಹೋಗಿರಲಿ, ಮನುಷ್ಯಜೀವ ಕೊನೆಗೆ ತಿರುಗಿ ಬರುವುದು ಆ ಒಡಕು ದನಿ ಕರೆದ ಕಡೆಗೇ.