ಎರಡನೆಯ ಡಬ್ಬಿ

ಬೇಕರಿಯಲ್ಲಿ ಅವನಿಗೆ ಕೆಮ್ಮಣ್ಣ ಎಂದು ಹೆಸರಿಟ್ಟವನು ಒಲೆ ನೋಡಿಕೊಳ್ಳುವ ಮೇಸ್ತ್ರಿ. ಹಿಟ್ಟಿನ ಮೂಟೆ ಬಿಚ್ಚಿ ಯಂತ್ರಕ್ಕೆ ಸುರಿಯುವುದು, ನಾದಿದ ಮುದ್ದೆಯನ್ನು ಎತ್ತಿ ಹಲಗೆಯ ಮೇಲೆ ಹಾಕಿ ತುಂಡು ಮಾಡುವುದು ಕೆಮ್ಮಣ್ಣನ ಕೆಲಸ. ಮೂಟೆ ಬಿಚ್ಚಿದಾಗ ಏಳುವ ಬಿಳಿ ಧೂಳಿನಲ್ಲಿ ಅವನು ಮೊದಲು ಮಾಯವಾಗುತ್ತಿದ್ದ, ಆಮೇಲೆ ಅವನ ಕೆಮ್ಮು ಕೇಳುತ್ತಿತ್ತು, ಕೊನೆಗೆ ಅವನು ಕಾಣುತ್ತಿದ್ದ. "ಬಂದ ನೋಡ್ರಪ್ಪ, ಹಾರನ್ ಹೊಡ್ಕೊಂಡು," ಎನ್ನುತ್ತಿದ್ದ ಮೇಸ್ತ್ರಿ. ಎಲ್ಲರೂ ನಗುತ್ತಿದ್ದರು. ಕೆಮ್ಮಣ್ಣನೂ ನಗುತ್ತಿದ್ದ, ನಕ್ಕರೆ ಇನ್ನೊಂದು ಸಲ ಕೆಮ್ಮು ಬರುತ್ತಿತ್ತು.

ಆ ನಗು ನಿಂತದ್ದು ಬ್ರೆಡ್ ಪ್ಯಾಕ್ ಮಾಡುವವನಿಗೆ ಟಿಬಿ ಎಂದು ಗೊತ್ತಾದ ಮೇಲೆ. ಯಜಮಾನ ಒಳ್ಳೆಯ ಮಾತಿನಲ್ಲೇ ಅವನನ್ನು ಮನೆಗೆ ಕಳಿಸಿದ. ವಾಸಿ ಮಾಡಿಕೊಂಡು ಬಾ, ನಿನ್ನ ಜಾಗ ಎಲ್ಲೂ ಹೋಗುವುದಿಲ್ಲ ಎಂದ. ಜಾಗ ನಿಜವಾಗಿಯೂ ಎಲ್ಲೂ ಹೋಗಲಿಲ್ಲ, ಆದರೆ ಅಲ್ಲಿ ಬೇರೊಬ್ಬ ನಿಂತಿದ್ದ. ಅಂದಿನಿಂದ ಕೆಮ್ಮಣ್ಣ ಕೆಮ್ಮು ಬಂದರೆ ಹಿತ್ತಲಿನ ನಲ್ಲಿಯ ಹತ್ತಿರ ಹೋಗಿ ಕೆಮ್ಮಿ ಬರುತ್ತಿದ್ದ. ವಾಪಸು ಬಂದಾಗ ಯಾರೂ ಅವನ ಮುಖ ನೋಡುತ್ತಿರಲಿಲ್ಲ.

ಹೀಗಿರುವಾಗ ಎದೆರೋಗದ ಆಸ್ಪತ್ರೆಯಿಂದ ಒಂದು ತಂಡ ಬಂತು. ತಂಡದ ಡಾಕ್ಟರು ಹೆಂಗಸು, ಮಾತು ಕಡಿಮೆ. ಬನ್ನಿನ ತಟ್ಟೆಗಳ ಪಕ್ಕ ನಿಂತು ವಿಷಯ ಹೇಳಿದರು. ಇಷ್ಟು ವರ್ಷ ಕೆಮ್ಮುವವರು ಆಸ್ಪತ್ರೆಗೆ ಬರಲಿ ಎಂದು ಕಾದೆವು. ಹಲವು ದೇಶಗಳಲ್ಲಿ ಊರೂರು ಸಮೀಕ್ಷೆ ಮಾಡಿದಾಗ, ಕಫದಲ್ಲಿ ರೋಗಾಣು ಸಿಕ್ಕವರ ಪೈಕಿ ಹತ್ತಿರಹತ್ತಿರ ಅರ್ಧ ಜನರಿಗೆ ಹೇಳಿಕೊಳ್ಳುವಂಥ ಕೆಮ್ಮೇ ಇರಲಿಲ್ಲ. ಹಾಗಾಗಿ ಈ ಅಧ್ಯಯನದಲ್ಲಿ ಕೆಮ್ಮಲಿ ಬಿಡಲಿ, ಎಲ್ಲರನ್ನೂ ಪರೀಕ್ಷೆ ಮಾಡುತ್ತೇವೆ. ನಾಳೆ ಬೆಳಗ್ಗೆ ಎದ್ದ ತಕ್ಷಣ ಬರುವ ಕಫವನ್ನು ಈ ಡಬ್ಬಿಯಲ್ಲಿ ತನ್ನಿ.

ಎಲ್ಲರೂ ತಲೆಯಾಡಿಸಿದರು. ತಲೆಯಾಡಿಸುತ್ತಲೇ ಎಲ್ಲರೂ ಕೆಮ್ಮಣ್ಣನ ಕಡೆ ನೋಡಿದರು.

ಅವನು ಅಕ್ಕನ ಜೊತೆ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿದ್ದ. ಅಕ್ಕ ಶಿಶುವಿಹಾರದಲ್ಲಿ ಆಯಾ. ಕೆಲಸಕ್ಕೆ ಹೋಗುವ ತಾಯಂದಿರು ಬಿಟ್ಟುಹೋಗುವ ಕೂಸುಗಳಿಗೆ ಉಣಿಸಿ, ತೊಳೆದು, ಮಲಗಿಸುವುದು ಅವಳ ದಿನ. ಅಗಲವಾದ ಹೆಗಲು, ದಪ್ಪ ದನಿ. ಹೆಗಲ ಮೇಲೆ ಹಾಕಿಕೊಂಡು ಲಾಲಿ ಹೇಳಿದರೆ ಎಂಥ ಹಟದ ಮಗುವೂ ಕಣ್ಣು ಮುಚ್ಚುತ್ತಿತ್ತು. ಅವಳು ಹಾಸಿಗೆ ಹಿಡಿದದ್ದನ್ನು ತಮ್ಮ ಕಂಡಿರಲಿಲ್ಲ.

ಅವರ ತಾಯಿ ಸತ್ತದ್ದು ಇದೇ ಕಾಯಿಲೆಯಲ್ಲಿ. ಆಗ ಅವನು ಚಿಕ್ಕವನು. ರೋಗ ಗೊತ್ತಾದ ವಾರದಲ್ಲೇ ಅಕ್ಕ ಅವನ ಬಟ್ಟೆ ಗಂಟು ಕಟ್ಟಿ ಚಿಕ್ಕಮ್ಮನ ಮನೆಗೆ ಬಿಟ್ಟು ಬಂದಿದ್ದಳು. ತಾನು ಮಾತ್ರ ಕಿಟಕಿ ಮುಚ್ಚಿದ ಕೋಣೆಯಲ್ಲಿ ಅಮ್ಮನ ಪಕ್ಕ ಮಲಗಿದಳು, ಅಮ್ಮ ಉಗುಳಿದ್ದನ್ನು ಬಳಿದಳು. ಅವನು ವಾಪಸು ಬರುವಷ್ಟರಲ್ಲಿ ಕೋಣೆಗೆ ಸುಣ್ಣ ಹೊಡೆದಾಗಿತ್ತು.

ತಂಡ ಕೊಟ್ಟ ಡಬ್ಬಿಯನ್ನು ಆ ರಾತ್ರಿ ಅವನು ಊಟದ ಹಲಗೆಯ ಮೇಲಿಟ್ಟ. ನನಗೆ ಇದ್ದರೆ ಏನು ಮಾಡಲಿ ಎಂದ. ಇದ್ದರೆ ಮಾತ್ರೆ ನುಂಗು ಎಂದಳು ಅಕ್ಕ. ಮಾತ್ರೆ ನುಂಗುತ್ತೇನೆ, ಕೆಲಸ ಎಲ್ಲಿಂದ ತರಲಿ ಎಂದು ಕೇಳಿದ. ಅಕ್ಕ ಅವನನ್ನು ನೋಡಿದಳು, ಡಬ್ಬಿಯನ್ನು ನೋಡಿದಳು.

"ನಂದು ತಗೊಂಡು ಹೋಗು," ಎಂದಳು. "ಬೆಳಗ್ಗೆ ಮುಖ ತೊಳೆಯೋವಾಗ ನಂಗೂ ಚೂರು ಬರುತ್ತೆ. ಅವರೇನು ಅದರ ಮೇಲೆ ಮೀಸೆ ಇದೆಯಾ ಅಂತ ನೋಡ್ತಾರಾ?"

ಅವನಿಗೆ ನಗು ಬಂತು. ಎಷ್ಟೋ ದಿನದ ಮೇಲೆ ಹಗುರವೆನಿಸಿತು. ಬೆಳಗ್ಗೆ ಅಕ್ಕ ಬಚ್ಚಲಲ್ಲಿ ಗಂಟಲು ಕೆರೆದು, ಮುಚ್ಚಳ ಬಿಗಿ ಮಾಡಿ, ಅವನ ಕೈಗಿಟ್ಟಳು. ಅವನದೇ ಹೆಸರಿನ ಚೀಟಿ ಅಂಟಿಸಿದ ಡಬ್ಬಿ ಉಳಿದ ಡಬ್ಬಿಗಳ ಸಾಲಿಗೆ ಸೇರಿತು.

ಇಡೀ ಬೇಕರಿಯಲ್ಲಿ ರೋಗಾಣು ಸಿಕ್ಕಿದ್ದು ಆ ಒಂದು ಡಬ್ಬಿಯಲ್ಲಿ.

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಸುದ್ದಿ ಕೇಳಿದಾಗ ಅವನಿಗೆ ಮೊದಲು ತನಗೇ ಬಂತು ಎನಿಸಿತು. ಡಬ್ಬಿ ನೆನಪಾದದ್ದು ಆಮೇಲೆ. ಅಷ್ಟರಲ್ಲಿ ಅವನ ಎದೆಯ ಎಕ್ಸ್-ರೇ ತೆಗೆದಾಗಿತ್ತು. ಡಾಕ್ಟರು ಚಿತ್ರವನ್ನು ಪರದೆಯ ಮೇಲೆ ಹಾಕಿ ಬಹಳ ಹೊತ್ತು ನೋಡಿದರು. ಒಂದು ಕಲೆಯೂ ಇರಲಿಲ್ಲ. ಕಫದಲ್ಲಿ ರೋಗಾಣು ಇದೆ, ಶ್ವಾಸಕೋಶದಲ್ಲಿ ಗುರುತಿಲ್ಲ. ಒಂದೋ ಪ್ರಯೋಗಾಲಯದಲ್ಲಿ ಡಬ್ಬಿ ಅದಲುಬದಲಾಗಿದೆ, ಇಲ್ಲವೇ ರೋಗ ತೀರಾ ಮೊದಲ ಹಂತದಲ್ಲಿದೆ. ಎರಡನೆಯದೇ ಆಗಿದ್ದರೆ ತಾವು ಹುಡುಕುತ್ತಿದ್ದದ್ದೇ ಇಂಥವರನ್ನು ಎಂದರು. ಅದನ್ನು ಹೇಳುವಾಗ ಅವರ ದನಿಯಲ್ಲಿ ಸಣ್ಣ ಖುಷಿ ಇತ್ತು. ಅವನು ನೆಲ ನೋಡಿದ.

ಇನ್ನೊಂದು ಸಲ ಕಫ ಕೊಡಿ, ಇಲ್ಲೇ ಕೊಡಿ ಎಂದರು. ಅವನು ಕೆಮ್ಮಿದ, ಕಣ್ಣಲ್ಲಿ ನೀರು ಬರುವ ತನಕ ಕೆಮ್ಮಿದ. ಒಣ ಕೆಮ್ಮು, ಏನೂ ಬರಲಿಲ್ಲ. ಡಾಕ್ಟರು ಎರಡನೆಯ ಡಬ್ಬಿ ಕೊಟ್ಟು, ನಾಳೆ ಬೆಳಗ್ಗೆ ಮನೆಯಿಂದಲೇ ತನ್ನಿ ಎಂದರು. ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದರು. ಅಕ್ಕ ಎಂದ. ಅವರನ್ನೂ ಕರೆತನ್ನಿ, ಜೊತೆಯಲ್ಲಿರುವವರನ್ನು ಪರೀಕ್ಷೆ ಮಾಡಲೇಬೇಕು ಎಂದರು.

ಹೊರಡುವ ಮುಂಚೆ ಅವನು ಒಂದು ಪ್ರಶ್ನೆ ಕೇಳಿದ. ಕೆಮ್ಮೇ ಇಲ್ಲದವರಿಂದ ಇದು ಬೇರೆಯವರಿಗೆ ಹೇಗೆ ಹರಡುತ್ತದೆ?

"ಕೆಮ್ಮಿದ್ರೆ ಮಾತ್ರ ಹರಡುತ್ತೆ ಅಂತ ನಾವೂ ಅಂದ್ಕೊಂಡಿದ್ವಿ," ಎಂದರು ಡಾಕ್ಟರು. "ಸುಮ್ನೆ ಉಸಿರಾಡಿದ್ರೂ ರೋಗಾಣು ಹೊರಗೆ ಬರುತ್ತೆ ಅಂತ ಈಗ ಪ್ರಯೋಗಗಳಲ್ಲಿ ಕಾಣ್ತಾ ಇದೆ. ಮಾತು, ಹಾಡು, ಎಲ್ಲದರಲ್ಲೂ ಅಷ್ಟಿಷ್ಟು. ದೊಡ್ಡೋರಲ್ಲಿ ಅದು ವರ್ಷಗಟ್ಟಲೆ ಮಲಗಿರಬಹುದು, ಏಳದೇನೂ ಇರಬಹುದು. ಎಳೆಮಕ್ಕಳಲ್ಲಿ ಕಾಯೋದಿಲ್ಲ."

ಅವನು ಮನೆಗೆ ಬಂದಾಗ ಅಕ್ಕ ಬಟ್ಟೆ ಮಡಚುತ್ತಿದ್ದಳು. ಫಲಿತಾಂಶ ಕೇಳಿದ ತಕ್ಷಣ ಅವಳಿಗೆ ಅರ್ಥವಾಯಿತು, ಅವನು ಬಿಡಿಸಿ ಹೇಳುವ ಪ್ರಮೇಯವೇ ಬರಲಿಲ್ಲ. ಒಂದು ಸಲ ಜೋರಾಗಿ ನಕ್ಕಳು. ಕಳ್ಳತನ ಮಾಡಲು ಹೋದವರ ಮನೆಗೇ ಕನ್ನ ಬಿತ್ತಲ್ಲೋ ಎಂದಳು. ಆಮೇಲೆ ಮಡಚಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಚಿದಳು.

ಅಮ್ಮನ ಹತ್ತಿರದಿಂದ ಬಂದದ್ದಿರಬೇಕು ಎಂದು ಅವನು ಹೇಳಿದ. ಇಷ್ಟು ವರ್ಷ ಮಲಗಿತ್ತಂತೆ, ಹಾಗೂ ಆಗುತ್ತದಂತೆ. ಅಕ್ಕ ಆಗಲೇ ಮುಂದಿನದನ್ನು ಯೋಚಿಸಿಯಾಗಿತ್ತು. ನಾಳೆಯೂ ನನ್ನದನ್ನೇ ತೆಗೆದುಕೊಂಡು ಹೋಗು ಎಂದಳು. ಮಾತ್ರೆ ನಿನ್ನ ಹೆಸರಿಗೆ ಮನೆಗೆ ಬರುತ್ತದೆ, ಹೊಟ್ಟೆಗೆ ನಾನು ಹಾಕಿಕೊಳ್ಳುತ್ತೇನೆ. ನಿನ್ನ ಕೆಲಸ ಹೇಗೂ ಹೋದ ಲೆಕ್ಕ, ನನ್ನದಾದರೂ ಉಳಿಯಲಿ. ಸರಿಯಾಗಿ ಮಾತ್ರೆ ತೆಗೆದುಕೊಂಡರೆ ಎರಡು ಮೂರು ವಾರದಲ್ಲಿ ಹರಡುವುದು ನಿಲ್ಲುತ್ತದೆ ಎಂದು ಅವರೇ ಹೇಳುತ್ತಾರಲ್ಲ. ನನ್ನ ಪರೀಕ್ಷೆಯನ್ನು ಏನಾದರೂ ನೆಪ ಹೇಳಿ ಮುಂದಕ್ಕೆ ಹಾಕಿದರಾಯಿತು.

ಅವಳ ಲೆಕ್ಕ ತಪ್ಪಿರಲಿಲ್ಲ. ಅವನೂ ಬೆಂಚಿನ ಮೇಲೆ ಕೂತು ಅದೇ ಲೆಕ್ಕ ಹಾಕಿದ್ದ. ಇನ್ನೊಂದು ಲೆಕ್ಕವನ್ನೂ ಹಾಕಿದ್ದ. ನಾಳೆ ತನ್ನದನ್ನೇ ಕೊಟ್ಟರೆ ಏನೂ ಸಿಗುವುದಿಲ್ಲ, ಮೊದಲನೆಯದು ಪ್ರಯೋಗಾಲಯದ ತಪ್ಪು ಎಂದು ಬರೆದುಕೊಳ್ಳುತ್ತಾರೆ, ತಾನು ಮರುದಿನವೇ ಹಿಟ್ಟಿನ ಮೂಟೆ ಬಿಚ್ಚಬಹುದು. ಅಕ್ಕನ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಆ ಯೋಚನೆ ತನಗೆ ಬಂತಲ್ಲ ಎಂದು ಅವನಿಗೆ ಅಸಹ್ಯವಾಗಿತ್ತು.

"ಗುಬ್ಬಿ ಹೇಗಿದ್ದಾಳೆ?" ಎಂದು ಕೇಳಿದ.

ಗುಬ್ಬಿ ಎಂದರೆ ಶಿಶುವಿಹಾರದಲ್ಲಿ ಎಲ್ಲರಿಗಿಂತ ಸಣ್ಣದು. ಅಕ್ಕನ ಹೆಗಲ ಮೇಲಲ್ಲದೆ ಬೇರೆಲ್ಲೂ ನಿದ್ದೆ ಮಾಡದ ಹೆಣ್ಣುಕೂಸು. ಅದು ಸರಿಯಾಗಿ ತಿನ್ನುತ್ತಿಲ್ಲ, ಸಂಜೆಯಾದರೆ ಮೈ ಬಿಸಿಯಾಗುತ್ತದೆ, ತೂಕ ಏರುತ್ತಿಲ್ಲ ಎಂದು ಅಕ್ಕನೇ ಕೆಲವು ವಾರಗಳಿಂದ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದಳು.

ಅಕ್ಕನ ಕೈ ನಿಂತಿತು.

"ಹಲ್ಲು ಬರ್ತಿದೆ ಅದಕ್ಕೆ," ಎಂದಳು.

"ಅಕ್ಕಾ."

"ಹಲ್ಲು ಬರೋವಾಗ ಹಾಗೇ ಆಗೋದು. ಎಷ್ಟು ಮಕ್ಕಳನ್ನ ನೋಡಿದ್ದೀನಿ ನಾನು. ನೀನೂ ಹಾಗೇ ಇದ್ದೆ." ಅವನ ಕಡೆ ತಿರುಗದೆ ಹೇಳಿದಳು, "ನಾನು ಕೆಮ್ಮಲ್ವಲ್ಲೋ. ನನ್ನಿಂದ ಹೇಗಾಗುತ್ತೆ?"

ಡಾಕ್ಟರು ಹೇಳಿದ್ದನ್ನು ಅವನು ಹೇಳಬೇಕಾಗಿತ್ತು. ಲಾಲಿ ಹಾಡಬೇಡ ಎಂದು ಅವಳಿಗೆ ಯಾವ ಮಾತಿನಲ್ಲಿ ಹೇಳುವುದು?

ಬೆಳಗ್ಗೆ ಡಬ್ಬಿ ತುಂಬಿ ಹಲಗೆಯ ಮೇಲಿತ್ತು. ಅಕ್ಕ ತಲೆ ಬಾಚಿಕೊಂಡು ಕೆಲಸಕ್ಕೆ ಹೊರಟಿದ್ದಳು. ಬಾಗಿಲಲ್ಲಿ ನಿಂತು, ಜೋಪಾನವಾಗಿ ಒಯ್ಯಿ, ಚೆಲ್ಲಬೇಡ ಎಂದಳು.

ಅವನು ಡಬ್ಬಿಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ನಡೆದ. ಶಿಶುವಿಹಾರದ ಬೀದಿಯಿಂದ ಹೋಗಬೇಕಾಗಿರಲಿಲ್ಲ, ಆದರೂ ಹೋದ. ಕಾಂಪೌಂಡಿನ ಆಚೆ ಅಕ್ಕನ ದನಿ ಕೇಳುತ್ತಿತ್ತು. ಯಾವುದೋ ಮಗುವನ್ನು ಗದರಿಸುವ ಹಾಗೆ ನಟಿಸುತ್ತಿದ್ದಳು, ಮಗು ಕೇಕೆ ಹಾಕುತ್ತಿತ್ತು. ಅವನು ಅಲ್ಲಿ ನಿಲ್ಲಲಿಲ್ಲ.

ಡಾಕ್ಟರು ಡಬ್ಬಿಗೆ ಕೈ ಚಾಚಿದಾಗ ಅವನು ಕೊಡದೆ ಹಿಡಿದುಕೊಂಡ.

"ಇದು ನಂದಲ್ಲ ಮೇಡಂ," ಎಂದ. "ಮೊನ್ನೆದೂ ನಂದಲ್ಲ. ನಮ್ಮಕ್ಕಂದು."

ಅವರು ಬೈಯುತ್ತಾರೆಂದು ಕಾದ. ಬೈಯಲಿಲ್ಲ. ಅಕ್ಕನಿಗೆ ಕೆಮ್ಮು ಇದೆಯೇ ಎಂದು ಕೇಳಿದರು. ಇಲ್ಲ ಎಂದ. ಏನು ಕೆಲಸ ಎಂದು ಕೇಳಿದರು. ಅವನು ಹೇಳಿದ. ಡಾಕ್ಟರು ಬರೆಯುತ್ತಿದ್ದ ಪೆನ್ನನ್ನು ಮೇಜಿನ ಮೇಲಿಟ್ಟು ಎದ್ದು ಫೋನ್ ಮಾಡಲು ಹೋದರು. ನಿನ್ನೆ ಕೇಳಿದ್ದ ಖುಷಿ ಅವರ ದನಿಯಲ್ಲಿ ಇರಲಿಲ್ಲ.

ಮಧ್ಯಾಹ್ನದೊಳಗೆ ಆಸ್ಪತ್ರೆಯ ಗಾಡಿ ಶಿಶುವಿಹಾರದ ಮುಂದೆ ನಿಂತಿತ್ತು. ಅಷ್ಟು ಸಣ್ಣ ಮಕ್ಕಳಿಗೆ ಕಫ ಕ್ಯಾಕರಿಸಲು ಬರುವುದಿಲ್ಲ, ಅದಕ್ಕೆ ಈಗ ಮಲವನ್ನೇ ಪರೀಕ್ಷೆ ಮಾಡುವ ಕ್ರಮ ಬಂದಿದೆ ಎಂದು ನರ್ಸು ತಾಯಂದಿರಿಗೆ ವಿವರಿಸಿದಳು. ನುಂಗಿದ ಕಫದಲ್ಲಿನ ರೋಗಾಣು ಅಲ್ಲಿ ಸಿಗುತ್ತದೆ. ತಾಯಂದಿರು ಅವಳ ಮಾತು ಕೇಳುತ್ತಿರಲಿಲ್ಲ, ಗೇಟಿನ ಹೊರಗೆ ನಿಲ್ಲಿಸಿದ್ದ ಆಯಾಳನ್ನು ನೋಡುತ್ತಿದ್ದರು. ಬಾಯಿಗೆ ಮಾಸ್ಕ್ ಹಾಕಿಸಿದ್ದರು. ಹೆಗಲು ಖಾಲಿಯಾಗಿತ್ತು. ಕೈಗಳನ್ನು ಎಲ್ಲಿಡಬೇಕೆಂದು ಅವಳಿಗೆ ತಿಳಿಯುತ್ತಿರಲಿಲ್ಲ.

ತಮ್ಮ ಅವಳ ಹತ್ತಿರ ಹೋದ. ಅವಳು ಒಂದೇ ಮಾತು ಹೇಳಿದಳು.

"ನಾನೇ ಹೇಳ್ತಿದ್ದೆ ಕಣೋ. ಒಂದು ದಿನ ತಡೀಬಾರದಾಗಿತ್ತಾ?"

ಹೇಳುತ್ತಿದ್ದಳೋ ಇಲ್ಲವೋ ಅವನಿಗೆ ಇನ್ನೆಂದೂ ಗೊತ್ತಾಗುವಂತಿರಲಿಲ್ಲ. ಅವಳಿಗೂ ಗೊತ್ತಿತ್ತೋ ಇಲ್ಲವೋ.

ಉಳಿದ ಮಕ್ಕಳಲ್ಲಿ ರೋಗ ಕಾಣಲಿಲ್ಲ, ಬಾರದಂತೆ ತಡೆಯುವ ಔಷಧಿ ಶುರು ಮಾಡಿದರು. ಗುಬ್ಬಿಗೆ ಬಂದಿತ್ತು. ಎದೆಯೊಳಗಿನ ಗ್ರಂಥಿಗಳು ಊದಿಕೊಂಡಿದ್ದು ಎಕ್ಸ್-ರೇಯಲ್ಲಿ ಕಂಡಿತು. ಬೇಗ ಸಿಕ್ಕಿತು, ಮಿದುಳಿಗೆ ಏರಿಲ್ಲ, ತೀವ್ರವಲ್ಲದ ಬಗೆ ಎಂದರು ಡಾಕ್ಟರು. ಇಂಥ ಮಕ್ಕಳಿಗೆ ಆರು ತಿಂಗಳ ಬದಲು ನಾಲ್ಕೇ ತಿಂಗಳು ಸಾಕೆಂದು ಈಚಿನ ಅಧ್ಯಯನಗಳು ತೋರಿಸಿವೆಯಂತೆ, ನೀರಿನಲ್ಲಿ ಕರಗುವ ಮಾತ್ರೆಯಂತೆ. ಅಕ್ಕನಿಗೆ ಆರು ತಿಂಗಳು. ಅವನ ಎದೆಯಲ್ಲಿ ಏನೂ ಇರಲಿಲ್ಲ. ಅವನದು ಹಿಟ್ಟಿನ ಧೂಳಿನ ಕೆಮ್ಮು, ಆ ಕೆಲಸ ಬಿಟ್ಟರೆ ಕಡಿಮೆಯಾಗುತ್ತದೆ ಎಂದರು. ಬಿಡುವ ಕಷ್ಟ ಬರಲಿಲ್ಲ. ರೋಗಿಯನ್ನಾದರೆ ಇಟ್ಟುಕೊಳ್ಳುತ್ತಿದ್ದೆ, ಮೋಸಗಾರನನ್ನು ಇಟ್ಟುಕೊಳ್ಳಲಾರೆ ಎಂದ ಯಜಮಾನ. ರೋಗಿಯನ್ನು ಅವನು ಹೇಗೆ ಇಟ್ಟುಕೊಳ್ಳುತ್ತಿದ್ದ ಎಂಬುದು ಬೇಕರಿಗೆಲ್ಲ ಗೊತ್ತಿತ್ತು.

ಅವನು ರಟ್ಟಿನ ಪೆಟ್ಟಿಗೆ ಹೊರುವ ಕೆಲಸ ಹಿಡಿದ. ಅಕ್ಕ ಕಿಟಕಿ ತೆರೆದ ಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದಳು. ಮಾತ್ರೆಗಳನ್ನು ಅವನ ಎದುರಿಗೆ ನುಂಗುತ್ತಿರಲಿಲ್ಲ. ಅವನು ಬಡಿಸಿದ್ದನ್ನು ತಿನ್ನುತ್ತಿದ್ದಳು, ಮಾತಾಡುತ್ತಿರಲಿಲ್ಲ. ಹಾಡು ಮನೆಯಿಂದಲೇ ಹೋಗಿತ್ತು.

ಒಂದು ಸಂಜೆ ಅವಳೇ ಕೇಳಿದಳು, ಗೋಡೆಯನ್ನು ಕೇಳಿದ ಹಾಗೆ. ಗುಬ್ಬಿ ಮಾತ್ರೆ ಕುಡಿಯುತ್ತಿದ್ದಾಳಂತೆಯೇ? ಅವನು ಆಸ್ಪತ್ರೆಯಲ್ಲಿ ನರ್ಸನ್ನು ವಿಚಾರಿಸಿದ್ದ. ಉಗುಳುತ್ತಾಳಂತೆ ಎಂದ. ಅರ್ಧಕ್ಕರ್ಧ ಹೊರಗೇ ಹೋಗುತ್ತದಂತೆ.

"ಕೂರಿಸಿ ಕೊಟ್ರೆ ಅವಳು ಏನನ್ನೂ ನುಂಗಲ್ಲ," ಎಂದಳು ಅಕ್ಕ. "ಹೆಗಲ ಮೇಲೆ ಹಾಕ್ಕೊಂಡು, ಬೆನ್ನು ಸವರ್ತಾ, ಚೂರು ಚೂರೇ ಕೊಡ್ಬೇಕು. ಎಡಗಡೆ ಹೆಗಲು. ಹೋಗಿ ಹೇಳು ಅವರಮ್ಮಂಗೆ."

ಅವನು ಹೋದ. ಗುಬ್ಬಿಯ ತಾಯಿ ಬಾಗಿಲನ್ನು ಒಂದು ಗೇಣು ತೆರೆದು ನೋಡಿದಳು. ಯಾರೆಂದು ಗುರುತು ಸಿಕ್ಕಿದ ಮೇಲೆ ಅಷ್ಟೂ ತೆರೆದಿಡಲಿಲ್ಲ. ಅವನು ಮುಚ್ಚುತ್ತಿದ್ದ ಸಂದಿಗೆ ಬಾಯಿ ಕೊಟ್ಟು, ಎಡ ಹೆಗಲು, ಬೆನ್ನು ಸವರುವುದು, ಚೂರು ಚೂರು, ಎಲ್ಲವನ್ನೂ ಅಕ್ಕ ಹೇಳಿದ ಕ್ರಮದಲ್ಲೇ ಹೇಳಿದ. ಚಿಲಕ ಬಿತ್ತು.

ಒಳಗೆ ಮಗು ಅಳುತ್ತಿತ್ತು. ಅಳು ನಿಲ್ಲುತ್ತದೇನೋ ಎಂದು ಅವನು ಮೆಟ್ಟಿಲ ಮೇಲೆ ಕಾದ. ನಿಲ್ಲಲಿಲ್ಲ. ಅಷ್ಟರಲ್ಲಿ ಅವನಿಗೆ ಗಂಟಲು ಕೆರೆಯಿತು. ಹಿಟ್ಟಿನ ಕೆಮ್ಮು, ಯಾರಿಗೂ ಏನೂ ಮಾಡದ ಕೆಮ್ಮು. ಆ ಬಾಗಿಲಿನ ಮುಂದೆ ಅದನ್ನು ಕೆಮ್ಮಲು ಆಗಲಿಲ್ಲ. ಬಾಯಿಗೆ ತೋಳು ಒತ್ತಿ ಹಿಡಿದು ಮೆಟ್ಟಿಲಿಳಿದು, ಬೀದಿಯ ತಿರುವು ದಾಟುವ ತನಕ ತಡೆದುಕೊಂಡು ನಡೆದ.