ಬಲಗಾಲಿನ ಕಪ್ಪು

ಎಷ್ಟು ತಿಕ್ಕಿದರೂ ಆ ಕಪ್ಪು ಹೋಗಲಿಲ್ಲ. ಸೀಗೆ ಹಾಕಿದ್ದಾಯಿತು, ಸಾಬೂನು ಹಾಕಿದ್ದಾಯಿತು, ತೆಂಗಿನ ನಾರಿನಿಂದ ಉಜ್ಜಿದ್ದಾಯಿತು. ಸೇಸಮ್ಮನ ಎಡಪಾದ ಶುಭ್ರವಾಯಿತು. ಬಲಪಾದದಲ್ಲಿ, ಹೆಬ್ಬೆರಳ ಬುಡದ ಕೆಳಗೆ, ಕಪ್ಪು ಹಾಗೆಯೇ ಉಳಿಯಿತು.

"ಇದೆಂಥದ್ದು ಮಾರಾಯ್ತಿ, ಒಂದೇ ಕಾಲಿಗೆ?" ಎಂದಳು ಬಂಟ್ವಾಳದಿಂದ ಮೊದಲ ಬಸ್ಸಿಗೆ ಬಂದಿದ್ದ ಗಂಡನ ಅಕ್ಕ ಸರಸ. "ಸುಟ್ಟದ್ದೋ ಏನೋ. ಚರ್ಮ ಚಪ್ಪಲಿಯ ಹಾಗೆ ಗಟ್ಟಿ ಉಂಟು."

ಮರೆಗೆ ಹಿಡಿದ ಸೀರೆಯ ಆಚೆ, ಅಂಗಳದ ಮೂಲೆಯಲ್ಲಿ ಸೇಸಮ್ಮನ ಗಂಡ ಮುಂಡಪ್ಪ ಕುಳಿತಿದ್ದ. ಅಕ್ಕನ ಮಾತು ಅವನಿಗೆ ಕೇಳಿಸಿತು. ಬೆಳ್ತಂಗಡಿಯ ಅದೇ ಕೇರಿಯ ಹೆಂಗಸರು ಯಾರೂ ಉತ್ತರ ಕೊಡದೆ ಶವಕ್ಕೆ ನೀರು ಹೊಯ್ಯುತ್ತಲೇ ಇದ್ದದ್ದೂ ಕೇಳಿಸಿತು. ಸದ್ಯ, ಇವರಿಗೆ ಗೊತ್ತಿಲ್ಲ ಎಂದುಕೊಂಡ. ಇವತ್ತೊಂದು ದಿನ ಗೊತ್ತಾಗದಿದ್ದರೆ ಸಾಕು.

ಅವನ ಬೆನ್ನಿಗೇ ಅವನು ವಾಹನ ರಿಪೇರಿ ಮಾಡುವ ಶೆಡ್ಡು. ಅದರ ಬಾಗಿಲಿಗೆ ಗೋಣಿಯ ಪರದೆ. ಒಳಗೆ ಮುಂಡಾಜೆಯ ತಿರುಮಲೇಶ್ವರ ಭಟ್ಟರ ಕೆಂಪು ಕಾರು, ಮುಂದಿನ ಚಕ್ರ ಬಿಚ್ಚಿಸಿಕೊಂಡು ಮರದ ದಿಮ್ಮಿಯ ಮೇಲೆ ನಿಂತಿತ್ತು. ತನ್ನ ದೇಶಕ್ಕೆ ಹೊರಟಿದ್ದ ಇಂಗ್ಲಿಷ್ ತೋಟದ ದೊರೆಯೊಬ್ಬನಿಂದ ಭಟ್ಟರು ಕೊಂಡ, ಎರಡೇ ಸೀಟಿನ ಓಟದ ಕಾರು ಅದು. ಅದರ ಬ್ರೇಕಿನ ಕೆಲಸ ಅರ್ಧಕ್ಕೆ ನಿಂತಿತ್ತು. ಕೆಲಸದ ನಡುವೆ ಸೇಸಮ್ಮ "ಯಾಕೋ ಚಳಿ ಆಗ್ತದೆ" ಎಂದು ಎದ್ದು ಹೋಗಿದ್ದಳು. ಆ ಜ್ವರ ಬಿಡಲೇ ಇಲ್ಲ.

*

ಆ ಕಾರು ಮೊದಲ ಸಲ ಶೆಡ್ಡಿಗೆ ಬಂದಾಗ ಭಟ್ಟರು, "ಸ್ಟಿಯರಿಂಗ್ ಹಾಳಾಗಿದೆ ಮುಂಡಪ್ಪ, ಚಾರ್ಮಾಡಿ ಇಳಿಯುವಾಗ ಎಡಕ್ಕೆ ಎಳೀತದೆ" ಎಂದಿದ್ದರು.

"ಸುಮ್ಮನೆ ಓಡುವಾಗಲೂ ಎಳೀತದಾ, ಬ್ರೇಕ್ ಒತ್ತಿದಾಗ ಮಾತ್ರವಾ?"

"ಒತ್ತಿದಾಗ ಮಾತ್ರ."

"ಹಾಗಾದ್ರೆ ಸ್ಟಿಯರಿಂಗಿನ ತಪ್ಪಲ್ಲ. ಬಲಗಡೆಯ ಬ್ರೇಕು ಹಿಡಿಯುವುದಿಲ್ಲ, ಎಡದ್ದು ಮಾತ್ರ ಹಿಡೀತದೆ. ಕೊಳವೆಯಲ್ಲಿ ಗಾಳಿ ಸೇರಿದೆ."

ಗಾಳಿ ತೆಗೆಯಲು ಇಬ್ಬರು ಬೇಕು. ಒಬ್ಬ ಮೇಲೆ ಕೂತು ಪೆಡಲು ಒತ್ತಿ ಹಿಡಿಯಬೇಕು, ಇನ್ನೊಬ್ಬ ಕೆಳಗೆ ಮಲಗಿ ಚಕ್ರದ ಹಿಂದಿನ ತಿರುಪು ಬಿಚ್ಚಬೇಕು. ಗುಳ್ಳೆಗಳೊಂದಿಗೆ ಎಣ್ಣೆ ಹೊರಬಂದ ಮೇಲೆ ತಿರುಪು ಬಿಗಿದು, ಆಮೇಲೆ ಪೆಡಲು ಬಿಡಬೇಕು. ಮುಂಡಪ್ಪನ ಜೊತೆಗಾರ ಕೆಲಸ ಬಿಟ್ಟು ಹೋಗಿದ್ದ. ಬೇರೆ ದಾರಿ ಕಾಣದೆ ಅವನು ಸೇಸಮ್ಮನನ್ನು ಕರೆದ. ಅವಳು ಗಿಡ್ಡ. ಗೋಣಿ ಮಡಚಿ ಸೀಟಿನ ಮೇಲಿಟ್ಟು, ಅದರ ಮೇಲೆ ಕೂತು, ಬರಿಗಾಲಿನಿಂದ ಒತ್ತಿದಳು.

"ಜನ ನೋಡಿದ್ರೆ ನಗ್ತಾರೆ," ಎಂದ ಅವನು. "ಹೆಂಡತಿಯನ್ನು ಯಾರದೋ ಕಾರಿನಲ್ಲಿ ಕೂರಿಸಿ ದುಡಿಸ್ತಾನೆ ಅಂತ." ಬಾಗಿಲಿಗೆ ಪರದೆ ಇಳಿಬಿಟ್ಟ. ಒತ್ತು, ಬಿಡು ಎಂದು ಕೂಗಿದರೆ ಒಳಗೆ ಇನ್ನೊಬ್ಬರು ಇರುವುದು ಹೊರಗಿನವರಿಗೆ ತಿಳಿಯುತ್ತದಲ್ಲ, ಅದಕ್ಕೆ ಸ್ಪಾನರಿನಿಂದ ಕಾರಿನ ಅಡಿಗೆ ಬಡಿಯುವುದೆಂದು ಮಾಡಿದ. ಒಂದು ಬಡಿತಕ್ಕೆ ಒತ್ತು. ಎರಡು ಬಡಿತಕ್ಕೆ ಬಿಡು.

ಆಮೇಲೆ ಬಂದ ಜೀಪು, ಲಾರಿ, ಬಸ್ಸುಗಳಿಗೆಲ್ಲ ಅದೇ ನಡೆಯಿತು. ಮುಂಡಪ್ಪ ಒಬ್ಬನೇ ಬ್ರೇಕ್ ಸರಿಮಾಡುತ್ತಾನೆ ಎಂದು ಹೆಸರಾಯಿತು. ಅವನೂ ಹಾಗೆಯೇ ಹೇಳಿಕೊಂಡ.

ಒಮ್ಮೆ ಭಟ್ಟರು ಸದ್ದಿಲ್ಲದೆ ಪರದೆ ಸರಿಸಿ ಒಳಗೆ ಬಂದುಬಿಟ್ಟರು. ಹೆಜ್ಜೆ ಕೇಳಿದ್ದೇ ತಡ, ಸೇಸಮ್ಮ ಸೀಟಿನ ಹಿಂದಿನ ಇಕ್ಕಟ್ಟಿನಲ್ಲಿ ಮುದುಡಿ ಟಾರ್ಪಾಲು ಎಳೆದುಕೊಂಡಿದ್ದಳು. ಭಟ್ಟರು ಅಡಿಕೆಯ ಧಾರಣೆ, ಮಳೆ, ಮಗಳ ಮದುವೆ ಎಂದು ಮಾತಾಡುತ್ತಲೇ ನಿಂತರು. ಅವರು ಹೋದ ಮೇಲೆ ಅವಳಿಗೆ ಎದ್ದು ನಿಲ್ಲಲಾಗಲಿಲ್ಲ. ಕಾರಿನ ಅಂಚು ಹಿಡಿದು ಕಾಲು ನೀವಿಕೊಳ್ಳುತ್ತ, "ಒಂದು ದಿನ ಇದರಲ್ಲಿ ಕಕ್ಕಿಂಜೆ ತನಕ ಹೋಗಿ ಬರುವನಾ?" ಎಂದು ಕೇಳಿದಳು. "ಹೇಗೂ ನೀವು ಓಡಿಸಿ ನೋಡ್ತೀರಲ್ಲ."

"ಹುಚ್ಚಾ ನಿನಗೆ? ಯಾರಾದ್ರೂ ಕಂಡ್ರೆ?"

ಅವಳು ಮತ್ತೆ ಕೇಳಲಿಲ್ಲ. ಅವಳು ಕೂತ ಕಾರು ಒಂದಾದರೂ ಚಲಿಸಲಿಲ್ಲ.

*

ಶವಕ್ಕೆ ಹೊಸ ಸೀರೆ ಉಡಿಸಿ ಅಂಗಳದ ನಡುವೆ ಮಲಗಿಸಿದ ಹೊತ್ತಿಗೆ ಭಟ್ಟರು ಬಸ್ಸಿಳಿದು ಬಂದರು. ಮುಂಡಪ್ಪನ ಹೆಗಲ ಮೇಲೆ ಕೈಯಿಟ್ಟರು.

"ನಿಮ್ಮ ಕಾರು ಆಗಲಿಲ್ಲ ಭಟ್ಟರೇ," ಎಂದ ಮುಂಡಪ್ಪ.

"ಕಾರಿನ ಮಾತು ಈಗ ಯಾಕೆ ಮಾರಾಯ?"

ಸರಸ ಕಣ್ಣೊರೆಸಿಕೊಳ್ಳುತ್ತ ಹತ್ತಿರ ಬಂದಳು. "ಮಾಡ್ತಾನೆ ಭಟ್ಟರೇ, ಕ್ರಿಯೆ ಎಲ್ಲ ಮುಗಿಯಲಿ. ಮಂಗಳೂರಿನಲ್ಲಿಯೂ ಇದಕ್ಕೆ ಇಬ್ಬರು ಬೇಕಂತೆ. ನನ್ನ ತಮ್ಮ ಒಬ್ಬನೇ ಮಾಡುವವ. ಅಲ್ವನಾ ಮುಂಡಪ್ಪ?"

ಬಸ್ ಡ್ರೈವರ್ ಹುಕ್ರಪ್ಪ ಕೆಮ್ಮಿದ. ಭಟ್ಟರು ನೆಲ ನೋಡಿದರು. ಮುಂಡಪ್ಪ ಸೇಸಮ್ಮನ ಮುಖದ ಕಡೆ ತಿರುಗಲಿಲ್ಲ.

"ಹೌದು," ಎಂದ. "ಅಭ್ಯಾಸ ಆಗಿದೆ."

ಸರಸ ತೃಪ್ತಿಯಿಂದ ತಲೆಯಾಡಿಸಿ, ಅರಸಿನದ ಬಟ್ಟಲು ಹಿಡಿದು ಸೇಸಮ್ಮನ ಕಾಲ ಬಳಿ ಕೂತಳು. "ಈ ಕಪ್ಪಿಗೆ ದಪ್ಪ ಹಚ್ಚಿ ಮುಚ್ಚುವ. ನೋಡಿದವರು ಏನೋ ರೋಗ ಅಂದಾರು," ಎಂದು ಹಚ್ಚತೊಡಗಿದಳು.

"ಮುಚ್ಚಬೇಡಿ ಸರಸಕ್ಕ."

ಹೇಳಿದ್ದು ಪಕ್ಕದ ಮನೆಯ ಮೈಮೂನಮ್ಮ. ಬೇಲಿಯ ಹತ್ತಿರ ತಲೆಯ ಮೇಲೆ ಸೆರಗು ಎಳೆದುಕೊಂಡು ಬೆಳಗಿನಿಂದ ನಿಂತಿದ್ದವಳು ಈಗ ಎರಡು ಹೆಜ್ಜೆ ಮುಂದೆ ಬಂದಿದ್ದಳು.

"ಅದು ರೋಗ ಅಲ್ಲ, ಬ್ರೇಕಿನ ಕಪ್ಪು. ನನ್ನ ಅಡುಗೆಮನೆ ಶೆಡ್ಡಿಗೆ ತಾಗಿಯೇ ಉಂಟು. ಒಂದು ಟಣ್ ಅಂದ್ರೆ ಒತ್ತುವುದು, ಎರಡು ಟಣ್ ಅಂದ್ರೆ ಬಿಡುವುದು. ನನ್ನ ಮಕ್ಕಳು ಅದನ್ನೇ ಆಟ ಆಡಿ ದೊಡ್ಡವರಾದ್ರು."

ಮುಂಡಪ್ಪ ತಲೆಯೆತ್ತಿದ. "ನಿಮಗೆ... ಗೊತ್ತಿತ್ತಾ?"

"ಈ ಕೇರಿಯಲ್ಲಿ ಯಾರಿಗೆ ಗೊತ್ತಿಲ್ಲ ಮುಂಡಪ್ಪಣ್ಣ? ಗೊತ್ತಿಲ್ಲದ ಹಾಗೆ ಇರಿ, ಗೊತ್ತಾದ್ರೆ ಅವರಿಗೆ ನಾಚಿಕೆ ಆಗ್ತದೆ ಅಂತ ಸೇಸಮ್ಮನೇ ಹೇಳಿದ್ದು. ಇವತ್ತಾದ್ರೂ ನೀವೇ ಹೇಳ್ತೀರಿ ಅಂತ ನಾನು ಕಾದೆ."

ಅವನು ಆಸರೆಗೆಂಬಂತೆ ಭಟ್ಟರ ಕಡೆ ನೋಡಿದ. ಭಟ್ಟರು ಶಾಲಿನ ತುದಿ ತಿರುಚುತ್ತಿದ್ದರು.

"ಆ ದಿನ ಟಾರ್ಪಾಲಿನ ಹೊರಗೆ ಸೇಸಮ್ಮನ ಕಾಲು ಕಾಣ್ತಿತ್ತು ಮುಂಡಪ್ಪ. ಕೂಡಲೇ ತಿರುಗಿ ಹೋದರೆ ನಾನು ಕಂಡದ್ದು ನಿನಗೆ ತಿಳೀತದೆ ಅಂತ ಬಾಯಿಗೆ ಬಂದದ್ದನ್ನು ಮಾತಾಡಿದೆ. ಎಷ್ಟು ಹೊತ್ತು ನಿಂತೆನೋ. ಪಾಪ, ಅವರು ಅಲ್ಲಿ... ಮತ್ತೆ ನಾನು ರಸ್ತೆಯಿಂದಲೇ ನಿನ್ನ ಹೆಸರು ಕೂಗಿಕೊಂಡು ಬರುವುದು ಅದಕ್ಕೇ."

ಆ ಕೂಗನ್ನು ಅವನು ಇಷ್ಟು ದಿನ ಶ್ರೀಮಂತರ ಗತ್ತು ಎಂದುಕೊಂಡಿದ್ದ. ಸರಸ ತಮ್ಮನ ಮುಖವನ್ನೇ ನೋಡುತ್ತಿದ್ದಳು. ಹಚ್ಚಿದ್ದ ಅರಸಿನವನ್ನು ತನ್ನ ಸೆರಗಿನಿಂದಲೇ ಮೆಲ್ಲನೆ ಒರೆಸಿದಳು.

"ಹೊತ್ತಾಯಿತು, ಎತ್ತುವ," ಎಂದ ಹುಕ್ರಪ್ಪ.

ಚಟ್ಟವು ಶೆಡ್ಡಿನ ಮುಂದಿನಿಂದಲೇ ರಸ್ತೆಗೆ ಇಳಿಯಬೇಕು. ಮುಂಡಪ್ಪ ಎಲ್ಲರಿಗಿಂತ ಮುಂದೆ ಓಡಿದ. ಪರದೆಯನ್ನು ಎರಡೂ ಕೈಯಿಂದ ಹಿಡಿದು ಜಗ್ಗಿದ. ಮೊಳೆಗಳು ಕಿತ್ತು ಗೋಣಿ ಕಾಲ ಬುಡಕ್ಕೆ ಬಿತ್ತು. ಬಿಸಿಲು ಒಳನುಗ್ಗಿ ಕೆಂಪು ಕಾರಿನ ಮೇಲೆ ಬಿತ್ತು. ಸೀಟಿನ ಮೇಲೆ ಮಡಚಿಟ್ಟ ಗೋಣಿಯಲ್ಲಿ ಅವಳು ಕೂತ ತಗ್ಗು ಇನ್ನೂ ಇತ್ತು. ಬ್ರೇಕಿನ ಪೆಡಲಿನ ರಬ್ಬರು ಎಂದೋ ಸವೆದು ಹೋಗಿ, ಕಬ್ಬಿಣದ ನಡುವೆ ಒಂದು ಜಾಗ ನುಣ್ಣಗೆ ಹೊಳೆಯುತ್ತಿತ್ತು.

ಹೊತ್ತವರು ಶೆಡ್ಡಿನ ಎದುರು ಬಂದು, ಯಾರೂ ಹೇಳದೆಯೇ, ನಿಂತರು. ಬಿಳಿ ಬಟ್ಟೆಯ ಹೊರಗೆ ಸೇಸಮ್ಮನ ಪಾದಗಳು ಕಾಣುತ್ತಿದ್ದವು.

ಮುಂಡಪ್ಪ ನೆಲದಿಂದ ಸ್ಪಾನರ್ ಎತ್ತಿಕೊಂಡ. ಎಲ್ಲರಿಗೂ ಕೇಳುವಂತೆ ಕಾರಿನ ಅಡಿಗೆ ಒಮ್ಮೆ ಬಡಿದ. ಅವನ ಕೈ ಗಾಳಿಯಲ್ಲೇ ನಿಂತಿತು, ತುಂಬ ಹೊತ್ತು. ಆಮೇಲೆ ಬಡಿದ, ಬಿಡು ಎನ್ನುವ ಎರಡನೆಯ ಬಡಿತ.