ಪೋಡಿನ ರಕ್ತ ಹೊತ್ತ ಐಸ್ ಪೆಟ್ಟಿಗೆ

ಬಿಸಿ ಪ್ಲಾಸ್ಟಿಕ್ಕಿನ ಅಚ್ಚಿನಲ್ಲಿ ಹುಟ್ಟಿದ ನನಗೆ ಬಾಳೆಲ್ಲ ತಣ್ಣಗಿರುವುದೇ ಕೆಲಸ. ನಾನು ನೀಲಿ ಬಣ್ಣದ ಐಸ್ ಪೆಟ್ಟಿಗೆ. ಹೊಟ್ಟೆಗೆ ಮಂಜುಗಡ್ಡೆ ಬಿದ್ದ ಕ್ಷಣದಿಂದ ನನಗೆ ಚಡಪಡಿಕೆ ಶುರು. ಕರಗುತ್ತಿದೆ, ಬೇಗ ಹೊರಡಿ ಎಂದು ಕೂಗಬೇಕೆನಿಸುತ್ತದೆ. ಬಾಯಿ ಇದೆ, ಮಾತಿಲ್ಲ.

ಬೆಟ್ಟದ ತಪ್ಪಲಿನ ಸಣ್ಣ ಆಸ್ಪತ್ರೆಯೊಂದರಲ್ಲಿ ನರ್ಸ್ ಫಿಲೋಮಿನಾಳ ಹೆಗಲೇರಿದೆ. ಕಾಡಿನೊಳಗಿನ ಸೋಲಿಗರ ಊರುಗಳಿಗೆ, ಅಂದರೆ ಪೋಡುಗಳಿಗೆ, ಲಸಿಕೆ ಒಯ್ಯುತ್ತಿದ್ದೆವು. ಆಮೇಲೆ ಡಾಕ್ಟರ್ ಶಾರದಾಮಣಿ ಬಂದರು. ಅಲ್ಲಿಂದ ನನ್ನೊಳಗೆ ಬರತೊಡಗಿದ್ದು ರಕ್ತ.

ಮೊದಲ ಪೋಡಿನಲ್ಲೇ ಕೇತಮ್ಮ ಎಂಬ ಹೆಂಗಸು ಅಡ್ಡ ನಿಂತಳು.

"ನಮ್ ನೆತ್ರ ತಕಂಡೋದವ್ರು ಬೋ ಜನ ಕನವ್ವ. ಒಬ್ರಾದ್ರೂ ತಿರುಗಿ ಬಂದು ಇಂಗದೆ ಅಂತ ಏಳ್ನಿಲ್ಲ. ನನ್ ದೊಡ್ ಮಗ ಏದುಸ್ರು ಬುಡ್ತಾನೇ ಓದ."

ಡಾಕ್ಟರು ಅವಳ ಪಕ್ಕದಲ್ಲೇ ನೆಲಕ್ಕೆ ಕೂತರು. "ಗಂಟಲು ನೋವು ತರೋ ಒಂದು ರೋಗಾಣು ಇದೆ. ಅದಕ್ಕೆ ಪ್ರೋಟೀನಿನದೇ ಅಂಗಿ. ನಮ್ಮ ರಕ್ತ ಆ ಅಂಗಿ ಗುರುತು ಹಿಡಿದು ಹೊಡೆಯೋಕೆ ಕಲಿಯುತ್ತೆ. ಗುಂಡಿಗೆಯ ಕವಾಟವೂ ಹೆಚ್ಚುಕಮ್ಮಿ ಹಾಗೇ ಕಾಣೋದ್ರಿಂದ, ಕೆಲವು ಮಕ್ಕಳಲ್ಲಿ ಏಟು ಅಲ್ಲಿಗೂ ಬೀಳುತ್ತೆ, ಕೀಲುಗಳೂ ಊದುತ್ತವೆ. ನಿಮ್ಮ ಮಗನಿಗೂ ಹಾಗೇ ಆಗಿತ್ತೇನೋ. ಈ ಅಂಗಿಯಲ್ಲಿ ನೂರಾರು ಬಗೆ. ಇಲ್ಲಿರೋದು ಯಾವುದು ಅಂತ ನಿಮ್ಮ ರಕ್ತದಿಂದ ತಿಳಿಯುತ್ತೆ, ಆದ್ರೆ ಯಾರೂ ನೋಡಿಲ್ಲ. ಈ ರೋಗಕ್ಕೆ ಲಸಿಕೆ ಹುಡುಕೋರಿಗೆ ಅದು ಗೊತ್ತಾಗ್ಬೇಕು."

"ನೀನು ತಿರುಗಿ ಬರ್ನಿಲ್ಲ ಅಂದ್ರೆ?"

"ಮುಂದೆ ಯಾರನ್ನೂ ಒಳಗೆ ಬಿಡಬೇಡಿ."

ಕೇತಮ್ಮ ತನ್ನ ತೋಳನ್ನೇ ಮೊದಲು ಚಾಚಿದಳು. ಆಮೇಲೆ ಮೊಣಕಾಲು ಊದಿಸಿಕೊಂಡಿದ್ದ ಮಗಳು ಮಾದೇವಿಯನ್ನು ಕರೆತಂದಳು. ಅವರ ಹಿಂದೆ ಉಳಿದ ಮನೆಯವರೂ ಬಂದರು.

ಇಳಿಯುವಾಗ ದಾರಿಯಲ್ಲಿ ಮರಿ ಕಟ್ಟಿಕೊಂಡು ಆನೆಗಳು ನಿಂತಿದ್ದವು. ಜೀಪು ಅಲ್ಲಾಡುವಂತಿರಲಿಲ್ಲ. ಬಿಸಿಲು ನನ್ನ ಮುಚ್ಚಳ ಸುಡುತ್ತಿತ್ತು; ಮಂಜುಗಡ್ಡೆ ನೀರಾಗಿ ಶೀಶೆಗಳು ಒಂದಕ್ಕೊಂದು ತಾಗಿ ಟಣಟಣ ಎನ್ನುತ್ತಿದ್ದವು. ಅಷ್ಟು ಜನರ ನಂಬಿಕೆ ನನ್ನ ಹೊಟ್ಟೆಯಲ್ಲೇ ಕೆಟ್ಟುಹೋಗುತ್ತದೆ ಎಂದು ಒದ್ದಾಡಿದೆ. ಫಿಲೋಮಿನಾ ಕುಡಿಯುವ ನೀರನ್ನೆಲ್ಲ ಟವೆಲ್ಲಿಗೆ ಸುರಿದು ನನಗೆ ಸುತ್ತಿದಳು. ಆನೆಗಳು ಸರಿದ ಮೇಲೆ ಪ್ರಯೋಗಾಲಯ ಮುಟ್ಟಿದೆವು. ರಕ್ತ ಕೆಟ್ಟಿರಲಿಲ್ಲ.

ರಾಗಿ ತೆನೆಗೆ ಬರುವ ಹೊತ್ತಿಗೆ ಡಾಕ್ಟರು ಪೋಡಿಗೆ ಮರಳಿದರು. ಪ್ರತಿ ಮನೆಗೂ ಹೋಗಿ ಅವರವರ ವಿಷಯ ಅವರವರಿಗೆ ಹೇಳಿದರು. ಮಾದೇವಿಯ ರಕ್ತ ಆ ರೋಗಾಣುವಿನೊಡನೆ ಈಚೆಗಷ್ಟೇ ಕಾದಾಡಿತ್ತು. ಪೇಟೆಯಲ್ಲಿ ಸ್ಕ್ಯಾನ್ ಮಾಡಿಸಿದಾಗ ಕವಾಟ ಸ್ವಲ್ಪವೇ ಸೋರುತ್ತಿದ್ದುದು ಕಂಡಿತು.

"ತಿಂಗಳು ತಿಂಗಳು ಇಂಜೆಕ್ಷನ್ ತಪ್ಪದಿದ್ದರೆ ಉಳಿಯುತ್ತಾಳೆ."

ಕೇತಮ್ಮ ಸೆರಗು ಬಾಯಿಗೊತ್ತಿಕೊಂಡಳು. "ದೊಡ್ಡೋನ್ಗೆ ಯಾರೂ ಇದ್ನ ಏಳ್ನಿಲ್ವಲ್ಲವ್ವ."

ಅಂದಿನಿಂದ ಎಂದಿನ ಲಸಿಕೆಗಳ ಜೊತೆ ಆ ಇಂಜೆಕ್ಷನ್ನಿನ ಪೆನಿಸಿಲಿನ್ನೂ ನನ್ನ ಪಾಲಿಗೆ ಬಂತು. ಒಮ್ಮೆ ಆ ಕುಟುಂಬ ಕಾಫಿ ತೋಟದ ಕೆಲಸಕ್ಕೆಂದು ಕೊಡಗಿಗೆ ಹೋಗಿಬಿಟ್ಟಿತು. ಫಿಲೋಮಿನಾ ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸು ಬದಲಿಸುತ್ತ, ತೋಟದಿಂದ ತೋಟಕ್ಕೆ ವಿಚಾರಿಸುತ್ತ ಹೋದಳು. ಕೊನೆಗೆ ಮಾದೇವಿ ಗಿಡಗಳ ಸಾಲಿನ ನಡುವೆ ಸಿಕ್ಕಳು.

"ಸಿಸ್ಟ್ರೇ, ಇಲ್ಗೂ ಬಂದ್ಬುಟ್ರಾ!" ಎಂದು ಓಡತೊಡಗಿದವಳನ್ನು ಕೇತಮ್ಮನೇ ಹಿಡಿದು ನಿಲ್ಲಿಸಿದಳು.

ಈಗ ನನ್ನ ಮುಚ್ಚಳ ಸೀಳಿದೆ, ತಂಪು ನಿಲ್ಲುವುದಿಲ್ಲ. ಪೋಡಿನ ಆರೋಗ್ಯ ಉಪಕೇಂದ್ರದ ಮೂಲೆಯಲ್ಲಿ ನಾನೊಂದು ಮಣೆ. ಡಾಕ್ಟರು ಬೇರೆ ಬೆಟ್ಟಗಳಿಗೆ ಹೋದರು. ಆ ರೋಗಾಣುವಿಗೆ ಲಸಿಕೆ ಇನ್ನೂ ಬಂದಿಲ್ಲ. ಹೊರಗೆ ಯಾವ ಮಗು ಕೆಮ್ಮಿದರೂ ಒಳಗೆ ನನಗೆ ನೆಮ್ಮದಿಯಿಲ್ಲ.

ನಿನ್ನೆ ಮಾದೇವಿ ಬಂದು ನನ್ನ ಮೇಲೆ ಕೂತಳು. ಈಗವಳು ತುಂಬು ಗರ್ಭಿಣಿ. ಇಂಜೆಕ್ಷನ್ನಿಗೆ ಮುಖ ಕಿವಿಚಿ, ಫಿಲೋಮಿನಾಳನ್ನು ಬೈದು, ನಕ್ಕು ಎದ್ದಳು. ಮನೆಗೆ ಹೋಗುವ ಏರು ಕಡಿದು. ನಾನು ಅವಳ ಉಸಿರಿಗೆ ಕಿವಿಗೊಟ್ಟೆ. ಅವಳು ಎಲ್ಲೂ ನಿಲ್ಲದೆ, ಯಾರನ್ನೋ ಕೂಗಿ ಮಾತಾಡಿಸುತ್ತ ಹತ್ತಿ ಹೋದಳು.